ಸೋಮವಾರದ ವಿಡಿಯೋ

ಅಫ್ಜಲ್ ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದಾಗ ಅವನ ಎರಡೂ ಕೈ ನಡುಗುತ್ತಿದ್ದವು. ನನ್ನ ತಂಗಿಯ ಮಗ ಅವನು. ತಿಪಟೂರಿನಲ್ಲಿ ಬೈಕ್ ಗ್ಯಾರೇಜ್ ಇಟ್ಟು ನಾಲ್ಕು ವರ್ಷವಾಗಿತ್ತು. ಆ ಕೈ ಇಂಜಿನ್ನಿನ ಹೊಟ್ಟೆಯೊಳಗೆ ಹೋಗಿ ಸಾಸಿವೆಯಷ್ಟು ಸ್ಕ್ರೂ ಹುಡುಕಿ ತರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ನಡುಗಿದ್ದನ್ನು ನೋಡಿದ್ದು ಆ ಮಂಗಳವಾರವೇ ಮೊದಲು.

"ಖಾಲಾ, ಜ್ಞಾನೇಶ್ ಬಿದ್ಬುಟ್ಟ. ಬೆಳಿಗ್ಗೆ ಕಂದಿಕೆರೆ ಗುಡ್ಡದಲ್ಲಿ. ಕಾಲು ಎರಡು ಕಡೆ ಮುರಿದೈತೆ. ಬ್ರೇಕ್ ನಾನೇ ಸಡ್ಲ ಮಾಡಿದ್ದು ಅಂತಾವ್ರೆ."

"ಯಾರು ಅಂತಾವ್ರೆ?"

"ಅವ್ರಪ್ಪ ಕಾಡಸಿದ್ದಪ್ಪ. ನಾಳೆ ಹನ್ನೆರಡು ಗಂಟೆ ಒಳಗೆ ಒಪ್ಕೋಬೇಕಂತೆ, ಇಲ್ದಿದ್ರೆ ಸ್ಟೇಷನ್ನಿಗೆ ಕಂಪ್ಲೇಂಟು. ಆಗ್ಲೇ ಮೂರು ಜನ ಬಂದು ಗಾಡಿ ವಾಪಸ್ ತಗೊಂಡ್ರು ಖಾಲಾ. ರಿಪೇರಿ ಆಗ್ದೇ ಇದ್ರೂ ತಳ್ಕೊಂಡು ಹೋದ್ರು."

ಮೆಕ್ಯಾನಿಕ್ಕಿಗೆ ಇರುವುದೇ ಒಂದು ಹೆಸರು. ಬ್ರೇಕ್ ಸಡಿಲಿಸಿದವನು ಎಂದು ಒಮ್ಮೆ ಊರು ಮಾತಾಡಿದರೆ ಅವನ ಶಟರ್ ಮತ್ತೆ ಮೇಲೇಳುವುದಿಲ್ಲ. ಕತ್ತರಿ ಕೆಳಗಿಟ್ಟು, ಅವನ ರಟ್ಟೆ ಹಿಡಿದು ಪಕ್ಕದ ಬಾಗಿಲಿಗೆ ಎಳೆದುಕೊಂಡು ಹೋದೆ.

ಪಕ್ಕದ ಬಾಗಿಲು ಗಿರಿಜಾಂಬಿಕಾಳದು. ಅವಳು ಕೊಬ್ಬರಿ ವ್ಯಾಪಾರಿ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿಯಾಗಿದೆಯೋ, ಕೊಳೆತಿದೆಯೋ ಹೇಳಿಬಿಡುತ್ತಾಳೆ. ಮನುಷ್ಯರನ್ನೂ ಹಾಗೇ ಅಲ್ಲಾಡಿಸಿ ನೋಡುವ ಚಾಳಿ. ಕಳುವಾದ ಪಂಪ್‌ಸೆಟ್ಟಿನಿಂದ ಹಿಡಿದು ಸುಳ್ಳು ಉಯಿಲಿನವರೆಗೆ ಮೂರು ತಾಲ್ಲೂಕಿನ ಜನ ಅವಳ ಹತ್ತಿರ ಬರುತ್ತಾರೆ. ಇಪ್ಪತ್ತು ವರ್ಷದಿಂದ ನಾನು ಜೊತೆಗಿದ್ದೇನೆ. ಅವಳು ಪತ್ತೆ ಮಾಡುತ್ತಾಳೆ, ನಾನು ಬೈಸಿಕೊಳ್ಳುತ್ತೇನೆ.

"ಅಳಬೇಡ ಕಣಪ್ಪ. ಮೊದಲಿಂದ ಹೇಳು," ಎಂದಳು.

ಅಫ್ಜಲ್ ಹೇಳಿದ. ಮೂವರು ಗೆಳೆಯರು ಸೇರಿ 'ಗುಡ್ಡದ ದಾರಿ' ಎಂಬ ಚಾನೆಲ್ ನಡೆಸುತ್ತಿದ್ದರು. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಕಲ್ಲುಗುಡ್ಡ, ತೋಟದ ಬದು, ಕೆರೆ ಏರಿಯ ಮೇಲೆ ಬೈಕ್ ಓಡಿಸುವವನು ಜ್ಞಾನೇಶ್. ಆ ಬೈಕನ್ನು ಸಜ್ಜು ಮಾಡುವವನು ಅಫ್ಜಲ್. ಹೊರಗಿನಿಂದ ಚಿತ್ರ ತೆಗೆದು, ಎಲ್ಲವನ್ನೂ ಕತ್ತರಿಸಿ ಜೋಡಿಸುವವನು ಉಜ್ವಲ್. ಮುಂದಿನ ಜನವರಿಗೆ ಕಾಶ್ಮೀರದಿಂದ ಅವರಿಗೆ ಕರೆ ಬಂದಿತ್ತು. ಹಿಮದ ಇಳಿಜಾರಿನಲ್ಲಿ ಸ್ನೋಮೊಬೈಲ್ ಓಡಿಸಿ ವಿಡಿಯೋ ಮಾಡಬೇಕು. ಮುಂದೆ ಚಕ್ರದ ಬದಲು ಎರಡು ಹಲಗೆ, ಹಿಂದೆ ರಬ್ಬರಿನ ಪಟ್ಟಿ ಇರುವ ಗಾಡಿಯಂತೆ ಅದು. ಕರೆ ಬಂದಿದ್ದು ಇಬ್ಬರಿಗೆ ಮಾತ್ರ.

"ಜ್ಞಾನೇಶ್ ನನ್ನನ್ನ ಕರ್ಕೊಂಡು ಹೋಗ್ತೀನಿ ಅಂದ. ಹಿಮದಲ್ಲಿ ಇಂಜಿನ್ ನಿಂತ್ರೆ ನೋಡೋರು ಬೇಕಲ್ಲ ಅಂತ."

"ಮತ್ತೆ ನಿನ್ನ ಮೇಲ್ಯಾಕೆ ಗುಮಾನಿ?"

ಅಫ್ಜಲ್ ತಲೆ ತಗ್ಗಿಸಿದ. "ಹೋದ ವಾರ ಅವ್ನು ಜೋರಾಗಿ ಓಡಿಸ್ದಾಗ, ಒಂದಿನ ಬಿದ್ದು ಸಾಯ್ತೀಯ ಕಣ್ಲಾ ಅಂತ ಎಲ್ಲರ ಮುಂದೆ ಬೈದಿದ್ದೆ. ಬಿದ್ದ ಮೇಲೆ ನೋಡಿದ್ರೆ ಮುಂದಿನ ಬ್ರೇಕ್ ಪೈಪಿನ ಬೋಲ್ಟು ಅರ್ಧ ಸುತ್ತು ಬಿಚ್ಚಿತ್ತು. ಸೋಮವಾರ ಮಧ್ಯಾಹ್ನ ಎರಡಕ್ಕೆ ನಾನೇ ಬಿಗಿ ಮಾಡಿ, ಶೆಡ್ಡಿಗೆ ಬೀಗ ಹಾಕಿ, ಊಟಕ್ಕೆ ಖಾಲಾ ಅಂಗಡಿಗೆ ಹೋದೆ. ನಾಲ್ಕಕ್ಕೆ ವಾಪಸ್ ಬಂದು ಗಾಡಿನ ಟೆಂಪೋಗೆ ಹತ್ತಿಸಿ ಕಟ್ಟಿ, ರಾತ್ರಿ ನನ್ನ ಮನೆ ಮುಂದೆನೇ ನಿಲ್ಸಿದ್ದೆ. ಬೆಳಿಗ್ಗೆ ಬ್ರೇಕ್ ಮೂರು ಸಲ ಒತ್ತಿ ನೋಡ್ದೆ, ಗಟ್ಟಿಯಾಗೇ ಇತ್ತು."

"ಅಷ್ಟು ಬಿಚ್ಚಿದ್ರೆ ಒತ್ತಿದಾಗ ಗೊತ್ತಾಗಲ್ವೇನೋ?"

"ಮೊದಲು ಹಿಡೀತದೆ. ಒತ್ತಿದಂಗೆಲ್ಲ ಎಣ್ಣೆ ಸೋರಿ ಆಮೇಲೆ ಸತ್ತೋಗ್ತದೆ."

"ಬೀಗದ ಕೈ?"

"ಬಾಗ್ಲ ಪಕ್ಕ ನೇತಾಕಿರೋ ಹಳೇ ಹೆಲ್ಮೆಟ್ಟಿನೊಳಗೆ. ನಮ್ಮ ಮೂವರಿಗೇ ಗೊತ್ತು."

ಸೋಮವಾರ ಅವನು ಬಂದದ್ದು ನಿಜ. ನನ್ನ ಕೈಯಾರೆ ಬಡಿಸಿದ್ದೆ. ಅರಳಗುಪ್ಪೆಯ ಮಾಯಣ್ಣನೂ ಆಗ ಅಲ್ಲೇ ಇದ್ದ. ಎತ್ತುಗಳಿಗೆ ಬಿಡುವಿರುವ ದಿನವೇ ಅವನಿಗೂ ಬಿಡುವು. ಹೊಸ ಅಂಗಿಗೆ ಗುಂಡಿ ಹಾಕಿಸಿಕೊಂಡು ಹೋಗುತ್ತೇನೆಂದು ಎರಡರಿಂದ ನಾಲ್ಕರವರೆಗೆ ಎಲೆಯಡಿಕೆ ಜಗಿಯುತ್ತ ನನ್ನ ತಲೆ ತಿಂದಿದ್ದ. ಆದರೆ ಇದರಿಂದ ಅಫ್ಜಲ್‌ಗೆ ಏನು ಉಪಯೋಗ? ಬೋಲ್ಟನ್ನು ಅವನು ಊಟಕ್ಕೆ ಮೊದಲೂ ಬಿಚ್ಚಬಹುದಿತ್ತು, ಆಮೇಲೂ ಬಿಚ್ಚಬಹುದಿತ್ತು.

ಸಂಜೆಯ ಹೊತ್ತಿಗೆ ಜ್ಞಾನೇಶನ ತಂಗಿ ವರ್ಷಿಣಿ ತಾನಾಗಿಯೇ ಬಂದಳು. ಅತ್ತು ಕಣ್ಣು ಊದಿತ್ತು. "ಅಪ್ಪ ಏನೇ ಹೇಳ್ಲಿ ಆಂಟಿ, ಅಫ್ಜಲಣ್ಣ ಹಂಗೆ ಮಾಡೋರಲ್ಲ," ಎಂದು ತನ್ನ ಫೋನ್ ಗಿರಿಜಾಂಬಿಕಾಳ ಕೈಗಿಟ್ಟಳು. ಬೆಳಿಗ್ಗೆ ಗುಡ್ಡದ ನೆತ್ತಿಯಿಂದ ಅವಳು ತೆಗೆದ ವಿಡಿಯೋ ಅದರಲ್ಲಿತ್ತು.

ಮೊದಲು ಒಂದು ಸಣ್ಣ ಇಳಿಜಾರು. ಅದರ ಬುಡದಲ್ಲಿ ಉಜ್ವಲ್ ಕ್ಯಾಮೆರಾ ಹಿಡಿದು ನಿಂತಿದ್ದ. ದಾರಿಯ ಅಂಚಿಗೆ ನಾಲ್ಕು ದಪ್ಪ ಚೀಲಗಳು. ನನ್ನ ಕಣ್ಣು ಹೋಗುವುದೇ ಹೊಲಿಗೆಗೆ. ಚೀಲದ ಬಾಯಿಗಳನ್ನು ಹಸಿರು ದಾರದಲ್ಲಿ ಹೊಲಿದಿದ್ದರು.

"ಆ ದಾರ ನನ್ನ ಅಂಗಡಿದೇ," ಎಂದೆ. "ಉಜ್ವಲ್ ಅಪ್ಪನ ನಾರಿನ ಮಿಲ್ಲಿಗೆ ನಾನೇ ಕೊಡೋದು. ತೆಂಗಿನ ನಾರಿನ ಹುಡಿ ತುಂಬಿರೋ ಚೀಲ ಅವು."

ಗಿರಿಜಾಂಬಿಕಾ "ಹೂಂ" ಎಂದಳು, ಅಷ್ಟೇ.

ಚಿತ್ರದಲ್ಲಿ ಜ್ಞಾನೇಶ್ ಬ್ರೇಕ್ ಒತ್ತುತ್ತ ಸಣ್ಣ ಇಳಿಜಾರು ಇಳಿದು, ಉಜ್ವಲನನ್ನು ದಾಟಿ ಮುಂದೆ ಹೋದ. ಉಜ್ವಲ್ ಕ್ಯಾಮೆರಾದಿಂದ ಮುಖ ತೆಗೆದು ಒಂದು ಕೈಯನ್ನು ಅರ್ಧ ಎತ್ತಿ ಇಳಿಸಿದ. ಟಾಟಾ ಮಾಡಿದನೆಂದುಕೊಂಡೆ. ಎರಡನೆಯದು ಗೋಡೆಯಂಥ ಇಳಿಜಾರು. ಅಲ್ಲಿ ಬೈಕ್ ನಿಲ್ಲಲಿಲ್ಲ. ವರ್ಷಿಣಿಯ ಕಿರುಚಾಟ ಕೇಳಿ ನಾನು ಮುಖ ತಿರುಗಿಸಿಕೊಂಡೆ.

"ಉಜ್ವಲ್ ಯಾವಾಗ್ಲೂ ಎಲ್ಲಿ ನಿಂತ್ಕೋತಾನಮ್ಮ?"

"ದೊಡ್ಡ ಇಳಿಜಾರಿನ ತಿರುವಲ್ಲಿ. ಅಲ್ಲೇ ತಾನೆ ಚೆನ್ನಾಗಿ ಬರೋದು. ಇವತ್ತು ಮಾತ್ರ ಮೊದಲನೇದ್ರಲ್ಲೇ ನಿಂತ."

ಕತ್ತಲಾಗುವ ಮೊದಲು ನಾವಿಬ್ಬರೂ ಉಜ್ವಲನ ಎಡಿಟಿಂಗ್ ಕೋಣೆಗೆ ಹೋದೆವು. ನಾರಿನ ಮಿಲ್ಲಿನ ಮೇಲಿನ ಮಹಡಿ; ಗೋಡೆಗೆ ಎರಡು ದೊಡ್ಡ ಪರದೆಗಳು. ಹುಡುಗ ಬಿಳುಚಿಕೊಂಡಿದ್ದ. ಆದರೂ ಕಾಫಿ ತರಿಸಿದ, ಗೌರವದಿಂದಲೇ ಮಾತಾಡಿದ.

"ಸೋಮವಾರ ನಾನು ತಿಪಟೂರಲ್ಲೇ ಇರ್ಲಿಲ್ಲ ಆಂಟಿ. ಒಂದರಿಂದ ಐದರವರೆಗೆ ಅರಳಗುಪ್ಪೆ ಕಡೆ ಒಬ್ನೇ ರೈಡ್ ಹೋಗಿದ್ದೆ. ಸಾಯಂಕಾಲ ಏಳಕ್ಕೆ ಅಪ್‌ಲೋಡೂ ಮಾಡಿದೀನಿ, ನೋಡಿ."

ಪರದೆಯ ಮೂಲೆಯಲ್ಲಿ ಹಳದಿ ಅಕ್ಷರ ಬಂತು: 'ಸೋಮವಾರ, ಮಧ್ಯಾಹ್ನ 3 ಗಂಟೆ'. ಹೆಲ್ಮೆಟ್ ಕ್ಯಾಮೆರಾದ ಮುಂದೆ ತೋಟದ ಸಾಲುಗಳು ಹರಿದು ಹಿಂದಕ್ಕೆ ಹೋದವು. ಕೆಸರಿನ ಹಳ್ಳ, ಬದು, ಬದುವಿನಾಚೆ ರಾಗಿ ಹೊಲ. ಹೊಲದಲ್ಲಿ ಒಂದು ಬಿಳಿ, ಒಂದು ಕೆಂದ ಎತ್ತು ಕಟ್ಟಿ, ಯಾರೋ ಬೆನ್ನು ತಿರುಗಿಸಿಕೊಂಡು ಕುಂಟೆ ಹೊಡೆಯುತ್ತಿದ್ದರು. ಮತ್ತೆ ತೋಟ. ಎಲ್ಲಿ ಕತ್ತರಿಸಿದ್ದಾನೆ, ಎಲ್ಲಿ ಜೋಡಿಸಿದ್ದಾನೆ ಎಂದು ಎಷ್ಟು ಹುಡುಕಿದರೂ ನನಗೆ ಹೊಲಿಗೆ ಕಾಣಲಿಲ್ಲ. ಕಸುಬುದಾರ ಹುಡುಗ ಎಂದು ಒಳಗೊಳಗೇ ಮೆಚ್ಚಿದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

"ಸ್ವಲ್ಪ ಹಿಂದಕ್ಕೆ ಬುಡು," ಎಂದಳು ಗಿರಿಜಾಂಬಿಕಾ. ರಾಗಿ ಹೊಲ ಮತ್ತೆ ಬಂದು ಹೋಯಿತು. "ಚೆನ್ನಾಗೈತೆ. ಆ ದಿನ, ಗಂಟೆ ಅಂತ ಬರೋ ಅಕ್ಷರ ಕ್ಯಾಮೆರಾನೇ ಹಾಕ್ತದಾ?"

"ಇಲ್ಲ ಆಂಟಿ, ಎಡಿಟಿಂಗಲ್ಲಿ ನಾನೇ ಹಾಕೋದು. ನೋಡೋರಿಗೆ ಗೊತ್ತಾಗ್ಲಿ ಅಂತ."

ಅವಳು ಕಾಫಿ ಪೂರ್ತಿ ಕುಡಿದು ಎದ್ದಳು. ಮೆಟ್ಟಿಲಿಳಿಯುವಾಗ ನಾನು ತಡೆಯಲಾರದೆ, "ಏನು ಸಿಕ್ತು ಕಣೇ?" ಎಂದೆ.

"ನಿನಗೂ ಸಿಕ್ಕೈತೆ. ನೀನು ನೋಡ್ಲಿಲ್ಲ ಅಷ್ಟೇ," ಎಂದು ಬೈದು ಮನೆಗೆ ಹೋದಳು.

ಆ ರಾತ್ರಿ ನಾನು ಮಲಗಲಿಲ್ಲ. ಬೆಳಿಗ್ಗೆ ಅವಳು ಮೊದಲ ಬಸ್ಸಿಗೇ ಅರಳಗುಪ್ಪೆಗೆ ಹೊರಟುಹೋದಳೆಂದು ಕೇಳಿ ಇನ್ನಷ್ಟು ಗಾಬರಿಯಾಯಿತು. ಹನ್ನೊಂದು ಗಂಟೆಗೆ ಎಲ್ಲರೂ ಅಫ್ಜಲನ ಶೆಡ್ಡಿಗೆ ಬರಬೇಕೆಂದು ಹೇಳಿಕಳಿಸಿದ್ದಳು. ಕಾಡಸಿದ್ದಪ್ಪ ತನ್ನ ಹಳೇ ಸ್ಕೂಟರಿನಲ್ಲಿ ವರ್ಷಿಣಿಯನ್ನು ಕೂರಿಸಿಕೊಂಡು ಬಂದ. ಅಫ್ಜಲ್ ಎಳೆದುಕೊಟ್ಟ ಕುರ್ಚಿಯಲ್ಲಿ ಅವನು ಕೂರಲಿಲ್ಲ. ಜೇಬಿನಿಂದ ಮಡಿಸಿದ ಕಂಪ್ಲೇಂಟಿನ ಹಾಳೆ ಇಣುಕುತ್ತಿತ್ತು. ಉಜ್ವಲ್ ಬಾಗಿಲ ಹತ್ತಿರ ನಿಂತ. ಹನ್ನೊಂದೂಕಾಲಾದರೂ ಗಿರಿಜಾಂಬಿಕಾ ಇಲ್ಲ. ಕಾಡಸಿದ್ದಪ್ಪ ಎರಡು ಸಲ ಗಡಿಯಾರ ನೋಡಿಕೊಂಡ. ಹನ್ನೊಂದೂವರೆಗೆ ಅವಳು ಬಂದಳು. ಜೊತೆಗೆ ನಾನು ಹೊಲಿದ ಹೊಸ ಅಂಗಿ ತೊಟ್ಟ ಮಾಯಣ್ಣ!

ಅವಳು ಸುತ್ತುಬಳಸಲಿಲ್ಲ. ಉಜ್ವಲನ ವಿಡಿಯೋವನ್ನು ಫೋನಿನಲ್ಲಿ ಹಾಕಿ, ರಾಗಿ ಹೊಲ ಬಂದಾಗ ನಿಲ್ಲಿಸಿ ಕಾಡಸಿದ್ದಪ್ಪನ ಮುಂದೆ ಹಿಡಿದಳು.

"ಇದೇನು ಕಾಣ್ತೈತೆ ನೋಡಿ."

"ಎತ್ತು. ಕುಂಟೆ ಹೊಡೀತಾವ್ರೆ."

"ಮೂಲೇಲಿ ಬರೆದಿರೋದು ಓದಿ."

ಅವನು ಕನ್ನಡಕ ಏರಿಸಿ ಓದಿದ. "ಸೋಮವಾರ..." ಅಲ್ಲಿಗೇ ನಿಂತ. ಅವನ ಮುಖ ಬದಲಾಯಿತು. "ಸೋಮವಾರ ಎತ್ತು ಹೂಡವ್ರಾ?"

ನನಗೆ ಆಗ ಕಣ್ಣು ತೆರೆಯಿತು. ಸೋಮವಾರ ಬಸವನ ವಾರ. ನಮ್ಮ ಸೀಮೆಯಲ್ಲಿ ಆವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಎಷ್ಟೇ ಹದ ತಪ್ಪುವಂತಿದ್ದರೂ ಇಡುವುದಿಲ್ಲ. ಟೈಲರ್ ಮನೆಯವಳಾದ ನನಗೂ ಇದು ಗೊತ್ತು. ನನ್ನ ಅಂಗಡಿಗೆ ಆರಂಬದ ರೈತರು ಬರುವುದೇ ಸೋಮವಾರ.

"ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ ಆಂಟಿ? ಯಾರೋ ಹೂಡಿರ್ತಾರೆ," ಎಂದ ಉಜ್ವಲ್. ಧ್ವನಿ ಸಣ್ಣಗಾಗಿತ್ತು.

"ಯಾರೋ ಅಲ್ಲ ಕಣಪ್ಪ, ಅದು ನಾನು!" ಮಾಯಣ್ಣ ಮುಂದೆ ಬಂದ. "ಆ ಎತ್ತು ನನ್ನವು. ಹೊಡೆದಿದ್ದು ಭಾನುವಾರ. ನೀನು ಬೈಕಲ್ಲಿ ಬುರ್ ಅಂತ ಹೋದಾಗ ಕೆಂದ ಬೆದರಿ ಸಾಲು ಬಿಟ್ಟಿತ್ತು, ಬೈದುಕೊಂಡಿದ್ದೆ. ಸೋಮವಾರ ನೊಗ ಇಕ್ಕೋನು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ."

"ಸೋಮವಾರ ಮೂರು ಗಂಟೇಲಿ ಮಾಯಣ್ಣ ಎಲ್ಲಿದ್ದ, ರಹಮತ್?" ಗಿರಿಜಾಂಬಿಕಾ ನನ್ನತ್ತ ತಿರುಗಿದಳು.

"ನನ್ನ ಅಂಗಡೀಲಿ," ಎಂದೆ. ನಾಚಿಕೆಯಾಯಿತು. ಎರಡು ತುಣುಕೂ ನನ್ನ ಹತ್ತಿರವೇ ಇದ್ದವು, ಹೊಲಿಯಲು ಬಂದಿರಲಿಲ್ಲ.

"ಭಾನುವಾರದ ಚಿತ್ರಕ್ಕೆ ಸೋಮವಾರದ ಅಕ್ಷರ ಅಂಟಿಸ್ದೆ ನೀನು. ಯಾಕೆ? ಎರಡರಿಂದ ನಾಲ್ಕರವರೆಗೆ ಬೇರೆ ಕಡೆ ಇದ್ದೆ ಅಂತ ತೋರಿಸ್ಬೇಕಿತ್ತು. ಅಫ್ಜಲ್ ಊಟಕ್ಕೆ ಹೋಗೋ ಹೊತ್ತು ನಿನಗೆ ಗೊತ್ತು, ಬೀಗದ ಕೈ ಇರೋ ಜಾಗವೂ ಗೊತ್ತು. ಸೋಮವಾರ ನಿಮ್ಮ ಮನೇಲೂ ಪಾಲಿಸ್ತಾರೆ. ಆದ್ರೆ ನೀನು ಗಾಡಿ, ದಾರಿ, ಬೆಳಕು ನೋಡೋನು. ಹೊಲದ ಕಡೆ ನೋಡಿದ್ರೆ ತಾನೆ ಎತ್ತು ಕಾಣೋದು?"

"ಬೋಲ್ಟು ಬಿಚ್ಚಿದ್ದು ನಾನೇ ಅಂತ ಅದ್ರಿಂದ ಹೆಂಗಾಯ್ತು?"

"ಅದಕ್ಕೆ ಚೀಲ ಹೇಳ್ತವೆ. ತೋಟವೇ ಇಲ್ಲದ ಗುಡ್ಡದ ಮೇಲೆ ನಿಮ್ಮ ಮಿಲ್ಲಿನ ನಾರಿನ ಹುಡಿ ಯಾಕೆ ಬಂತು? ಮೆತ್ತಗೆ ಬೀಳ್ಲಿ ಅಂತ. ಬ್ರೇಕ್ ಮೊದಲನೇ ಇಳಿಜಾರಲ್ಲೇ ಸಾಯ್ತದೆ, ಜ್ಞಾನೇಶ್ ಚೀಲದ ಮೇಲೆ ಉರುಳ್ತಾನೆ, ಒಂದು ಗೀರೂ ಆಗಲ್ಲ, ಮೆಕ್ಯಾನಿಕ್ ಸರಿ ಇಲ್ಲ ಅಂತ ವಿಡಿಯೋದಲ್ಲಿ ಎಲ್ಲರೂ ನೋಡ್ತಾರೆ. ಹಿಮದ ಸವಾರಿಗೆ ಅಫ್ಜಲ್ ಜಾಗಕ್ಕೆ ನೀನು. ಅದಕ್ಕೇ ಕ್ಯಾಮೆರಾ ಅಲ್ಲಿಟ್ಟೆ. ಬೀಳೋ ಜಾಗ ಮೊದಲೇ ಗೊತ್ತಿದ್ದೋನು ನೀನೊಬ್ನೇ."

ಅವಳು ವರ್ಷಿಣಿಯ ಫೋನ್ ತೆಗೆದುಕೊಂಡಳು. ಆ ಅರ್ಧ ಎತ್ತಿದ ಕೈಯ ಮೇಲೆ ಚಿತ್ರ ನಿಂತಿತು.

"ಆದ್ರೆ ಬ್ರೇಕ್ ಅಲ್ಲಿ ಸಾಯ್ಲಿಲ್ಲ. ಅವ್ನು ನಿನ್ನ ದಾಟಿ ದೊಡ್ಡ ಇಳಿಜಾರಿಗೆ ಹೋದ. ಒಂದು ಕೂಗು ಹಾಕಿದ್ರೆ ನಿಲ್ಲಿಸ್ತಿದ್ದ. ಕೈ ಎತ್ತಿದೆ. ಕೂಗಿದ್ರೆ ಸಿಕ್ಕಿಬೀಳ್ತೀನಿ ಅಂತ ಇಳಿಸ್ದೆ. ಇಳಿಸ್ಬಾರದಿತ್ತು ಕಣಪ್ಪ."

ಉಜ್ವಲ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು ಕೂತ. "ಆ ಚಾನೆಲ್ ನಾನು ಕಟ್ಟಿದ್ದು," ಎಂದ. "ಒಂದೊಂದು ವಿಡಿಯೋಗೂ ವಾರಗಟ್ಲೆ ನಿದ್ದೆ ಬಿಟ್ಟಿದೀನಿ. ನನ್ನ ಬಿಟ್ಟು ಹೋಗ್ತೀವಿ ಅಂದ್ರು. ಅವನ ಕಾಲು ಹೋಗ್ಲಿ ಅಂತ ನಾನು..." ಮುಂದೆ ಅಳು.

ಅಫ್ಜಲ್ ಅವನ ಕಡೆ ಒಂದು ಹೆಜ್ಜೆ ಇಟ್ಟ. ಹೊಡೆಯುತ್ತಾನೇನೋ ಎಂದು ನಾನು ಎದ್ದೆ. ಅವನು ಹೊಡೆಯಲಿಲ್ಲ. "ಒಂದ್ಸಲ ಕೂಗ್ಬೇಕಿತ್ತು ಕಣ್ಲಾ," ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿಕೊಂಡ.

ಗಿರಿಜಾಂಬಿಕಾ ಕಾಡಸಿದ್ದಪ್ಪನ ಜೇಬಿನತ್ತ ನೋಡಿದಳು. "ಕಂಪ್ಲೇಂಟು ಕೊಡಿ. ಹೆಸರು ಮಾತ್ರ ಸರಿಯಾಗಿ ಬರೀರಿ."

ವರ್ಷಿಣಿ ಹಾಳೆ ತೆಗೆದು ಹರಿದು, ಹೊಸದೊಂದನ್ನು ಬರೆಯಲು ಕೂತಳು. ಕ್ಷಮಿಸು ಎನ್ನುವ ಮಾತು ಕಾಡಸಿದ್ದಪ್ಪನ ಬಾಯಿಗೆ ಜನ್ಮದಲ್ಲಿ ಬಂದಿಲ್ಲ, ಆವತ್ತೂ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಬಾಯಿ ಬಿಡುವುದರಲ್ಲಿದ್ದೆ, ಗಿರಿಜಾಂಬಿಕಾ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು.

ಅವನು ಜೇಬಿನಿಂದ ಸ್ಕೂಟರಿನ ಕೀ ತೆಗೆದು ಅಫ್ಜಲನ ಮುಂದೆ ಚಾಚಿದ.

"ಬ್ರೇಕ್ ಸ್ವಲ್ಪ ಸಡ್ಲ ಆದಂಗೈತೆ. ನೋಡ್ಬುಡು. ಮಗಳನ್ನ ಕೂರಿಸ್ಕೊಂಡು ತುಮಕೂರಿಗೆ ಹೋಗ್ಬೇಕು, ಆಸ್ಪತ್ರೆಗೆ."

ಅಫ್ಜಲ್ ಕೀ ತೆಗೆದುಕೊಂಡ. ರಸ್ತೆಯಲ್ಲಿ ಆಗಲೇ ಜನ ಸೇರಿದ್ದರು. ನಿನ್ನೆ ಗಾಡಿ ತಳ್ಳಿಕೊಂಡು ಹೋದ ಮೂವರಲ್ಲಿ ಇಬ್ಬರು ಅಲ್ಲೇ ನಿಂತು ನೋಡುತ್ತಿದ್ದರು. ಎಲ್ಲರ ಎದುರಿಗೇ ಅವನು ಮಂಡಿಯೂರಿ ಕೂತು ಬ್ರೇಕಿನ ತಂತಿ ಬಿಗಿ ಮಾಡಿದ, ಚಕ್ರ ತಿರುಗಿಸಿ ನೋಡಿದ, ಇನ್ನೊಮ್ಮೆ ಬಿಗಿ ಮಾಡಿದ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಅವು ನಡುಗುತ್ತಿರಲಿಲ್ಲ.