ರಸ್ತೆಯಿಂದ ಮೂವತ್ತು ಅಡಿ

"ಟೇಪಿನ ತುದಿ ಜಗಲಿ ಮೇಲೆ ಇಡ್ಬೇಡಿ ಮೇಡಂ. ಕೆಳಗೆ, ರಸ್ತೆಗೆ ತಾಗಿಸಿ."

ತಾರಸಿಯ ಅಂಚಿನಿಂದ ಬಗ್ಗಿ ಹೇಳಿದವನನ್ನು ಕವನ ಕತ್ತೆತ್ತಿ ನೋಡಿದಳು. ಬೇರೆ ಯಾರೂ ಸಿಗದೆ, ಟೈಪಿಂಗ್ ಕ್ಲಾಸಿನಲ್ಲಿದ್ದ ಅವಳನ್ನೇ ಕರೆದು ಟೇಪು ಹಿಡಿಸಿದ್ದ!

"ನಮ್ಮನೆ ಶುರುವಾಗೋದು ಜಗಲಿಯಿಂದ ಕಣ್ರೀ, ರಸ್ತೆಯಿಂದ ಅಲ್ಲ."

"ನಿಯಮ ಹಂಗಿದೆ ಮೇಡಂ" ಎಂದು ಅವನು ನಕ್ಕ.

ಆ ನಗು ನೋಡಿದ ಮೇಲೆ ಜಗಳ ಮುಂದುವರಿಸಲು ಅವಳಿಗೆ ಮನಸ್ಸಾಗಲಿಲ್ಲ. ಬಗ್ಗಿ ರಸ್ತೆಗೆ ತಾಗಿಸಿದಳು.

ಅದು 1998. ನಂಜನಗೂಡಿನ ಪೇಟೆ ಬೀದಿಯ ಕಟ್ಟಡಗಳು ಮೂವತ್ತು ಅಡಿ ಮೀರಬಾರದು, ಮೀರಿದ್ದಕ್ಕೆ ಲೈಸೆನ್ಸ್ ಇಲ್ಲದಿದ್ದರೆ ಕೆಡವಬೇಕು ಎಂಬ ಹೊಸ ನಿಯಮ ಬಂದಿತ್ತು. ಬೀದಿಯನ್ನೆಲ್ಲ ಅಳೆಯಲು ಬಂದಿದ್ದ ಸರ್ವೇಯರ್ ರಾಜೇಂದ್ರ, ಹೆಮ್ಮಿಗೆಯ ಕೇರಿಯವನು.

ಕವನಳ ಅಪ್ಪ ಮಾರಯ್ಯ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರು. ಕೇರಿಯಿಂದ ಬಂದು ಆ ಬೀದಿಯಲ್ಲಿ ಮನೆ ಕಟ್ಟಿದವರು ಅವರೊಬ್ಬರೇ. ಕಪಿಲೆ ಉಕ್ಕಿದರೆ ನೀರು ಒಳಗೆ ಬರಬಾರದೆಂದು ಮೂರು ಅಡಿ ಜಗಲಿ ಎತ್ತರಿಸಿದ್ದರು. ಕೆಳಗೆ ಬಾಡಿಗೆಗೆ ಕೊಟ್ಟ ಅಂಗಡಿ, ನಡುವೆ ಮನೆ, ಮೇಲೆ ಮಗಳ ಟೈಪಿಂಗ್ ಕ್ಲಾಸು. ಆ ಮೇಲಿನ ಮಹಡಿಯ ಲೈಸೆನ್ಸ್ ಮಾತ್ರ ಇನ್ನೂ ಕೈಗೆ ಬಂದಿರಲಿಲ್ಲ.

ಸರ್ವೇ ಎರಡು ತಿಂಗಳು ನಡೆಯಿತು. ರಾಜೇಂದ್ರ ದಿನಾ ಮಧ್ಯಾಹ್ನ ನೀರು ಕೇಳುವ ನೆಪದಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದ. ಅಷ್ಟು ಬಾಯಾರಿಕೆ ಯಾವ ಸರ್ವೇಯರಿಗೂ ಇರಲಿಕ್ಕಿಲ್ಲ. ಹಳ್ಳಿಗಳಿಂದ ಕಲಿಯಲು ಬರುತ್ತಿದ್ದ ಹುಡುಗಿಯರು ಕೀಲಿ ಒತ್ತುವುದನ್ನು ನಿಲ್ಲಿಸಿ ಮುಸಿಮುಸಿ ನಗುತ್ತಿದ್ದರು.

ಒಂದು ದಿನ ಕವನ ಕೇಳಿಯೇಬಿಟ್ಟಳು. "ಜಗಲಿ ಬಿಟ್ರೆ ನಮ್ದು ಇಪ್ಪತ್ತೊಂಬತ್ತೂವರೆ ಅಡಿ. ಹಂಗೇ ಬರೀರಿ... ನನಗೋಸ್ಕರ."

ಅವನು ಲೋಟ ಕೆಳಗಿಟ್ಟ. ಟೇಪು ಸುತ್ತಿಕೊಂಡು ಮೆಟ್ಟಿಲಿಳಿದ.

ಬರೀತಾನೆ. ನನ್ನ ಮೇಲೆ ಪ್ರೀತಿ ಇದ್ದರೆ ಬರೀತಾನೆ ಎಂದುಕೊಂಡಳು ಹುಚ್ಚು ಹುಡುಗಿ.

ನೋಟೀಸು ಬಂತು. 'ರಸ್ತೆ ಮಟ್ಟದಿಂದ ಮೂವತ್ತೆರಡೂವರೆ ಅಡಿ.' ಕೆಳಗೆ ರಾಜೇಂದ್ರನ ಸಹಿ!

"ಇನ್ನು ಈ ಮೆಟ್ಟಿಲು ಹತ್ಬೇಡಿ" ಎಂದಳು, ಎಂದಿನಂತೆ ಮಧ್ಯಾಹ್ನ ಬಂದವನಿಗೆ. ಅವನು ಏನೋ ಹೇಳಲು ಬಾಯಿ ತೆರೆದು, ಒಳಗೆ ಕೂತಿದ್ದ ಮಾರಯ್ಯನವರ ಕಡೆ ನೋಡಿ, ಸುಮ್ಮನೆ ಇಳಿದು ಹೋದ. ಮುಂದಿನ ತಿಂಗಳೇ ಅವನಿಗೆ ತಿ. ನರಸೀಪುರಕ್ಕೆ ವರ್ಗವಾಯಿತು.

ಅದೇ ಬೀದಿಯ ಇಬ್ಬರು ಕೋರ್ಟಿನಿಂದ ತಡೆಯಾಜ್ಞೆ ತಂದರು. ಮಾರಯ್ಯ ತರಲಿಲ್ಲ. ಮೇಲಿನ ಮಹಡಿಯ ಗೋಡೆಗಳು ಮೂರೇ ದಿನದಲ್ಲಿ ಇಟ್ಟಿಗೆ ರಾಶಿಯಾದವು. ಎಂಟು ಮೆಷಿನ್‌ಗಳು ಕೆಳಗಿಳಿದು, ಪ್ಲಾಸ್ಟಿಕ್ ಹೊದ್ದು ನಡುಮನೆಯ ಮೂಲೆ ಸೇರಿದವು. ಹುಡುಗಿಯರು ಬರುವುದು ನಿಂತಿತು. ಕವನ ಅಳಲೂ ಇಲ್ಲ, ಅದೇ ಮನೆಯವರಿಗೆ ಹೆಚ್ಚು ಹೆದರಿಕೆಯಾಯಿತು.

ಒಂದು ವರ್ಷ ಹೀಗೇ ಕಳೆಯಿತು. ಅಮ್ಮ ಮಾದಮ್ಮ ಒಂದು ಸಂಬಂಧ ತಂದರು. "ಬರೋ ಭಾನುವಾರ ನೋಡಕ್ ಬತ್ತರೆ, ಏನಂತೀಯವ್ವ?"

"ಆಯ್ತು."

"ಫೋಟೋನಾದ್ರೂ ನೋಡವ್ವ."

"ಯಾರಾದ್ರೇನಮ್ಮ."

ಬಾಗಿಲಲ್ಲಿ ನಿಂತಿದ್ದ ಮಾರಯ್ಯನವರಿಗೆ ತಡೆಯಲಾಗಲಿಲ್ಲ. ಬಂದು ಮಗಳ ಪಕ್ಕ ನೆಲದ ಮೇಲೆ ಕುಳಿತರು.

"ಆ ಹುಡ್ಗ ನೀನೇಳ್ದಂಗೇ ಬರ್ದಿದ್ದ ಕಣ್ ಮಗ. ಇಪ್ಪತ್ತೊಂಬತ್ತೂವರೆ ಅಂತ. ನಂಗೆ ತಂದ್ ತೋರ್ಸ್ದ. ನಾನೇ ಆ ಲೆಕ್ಕ ಒಡ್ದಾಕ್ಸಿ ಸರಿಯಾದ್ದು ಬರ್ಸ್ದೆ."

ಕವನ ಅಪ್ಪನ ಕಡೆ ತಿರುಗಿದಳು.

"ನಮ್ಮೋನು ನಮ್ಮೋರ್ಗೆ ಬಿಟ್ಕೊಟ್ಟ ಅಂತ ಬೀದಿಯೆಲ್ಲಾ ಆಡ್ಕೊಳ್ಳೋದು. ಅವ್ನ ಕೆಲ್ಸನೂ ಓಗೋದು. ತಲೆ ಎತ್ಕೊಂಡಿರನ ಅಂತ್ಲೇ ನಾನು ಈ ಬೀದೀಗ್ ಬಂದದ್ದು."

"ನಂಗ್ಯಾಕಪ್ಪ ಹೇಳ್ಲಿಲ್ಲ?"

"ನೀನು ನನ್ ಮೇಲೆ ಸಿಟ್ಟಾದ್ರೆ ತಡ್ಕಳಕಾಯ್ತಿರ್ಲಿಲ್ಲ ಕಣವ್ವ. ಏಳ್ಬ್ಯಾಡ ಅಂತ ಅವನ್ ಕೈಲಿ ಮಾತ್ ತಕ್ಕಂಡೆ."

ಮರುದಿನ ಬೆಳಿಗ್ಗೆಯೇ ಅವಳು ನರಸೀಪುರದ ಬಸ್ಸು ಹತ್ತಿದಳು.

ಕಚೇರಿಯ ಜಗಲಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ರಾಜೇಂದ್ರ, ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ.

"ಅಪ್ಪ ಎಲ್ಲಾ ಹೇಳಿದ್ರು... ನೀವು ಒಂದು ಮಾತು ಹೇಳಿದ್ರೆ ನನ್ನ ಒಂದು ವರ್ಷ ಉಳೀತಿತ್ತು."

"ಇನ್ನೂ ಒಂದಿದೆ, ಅವರಿಗೆ ಗೊತ್ತಿಲ್ದಿರೋದು" ಎಂದ ಅವನು, ತಲೆ ತಗ್ಗಿಸಿ. "ನಿಮ್ಮಪ್ಪ ಹೊಡೆದುಹಾಕು ಅಂದಾಗ ನನಗೆ ನೆಮ್ಮದಿಯಾಯ್ತು ಕವನ. ನಿಮಗೋಸ್ಕರ ಸುಳ್ಳು ಬರೆದಿದ್ದೆ, ಆದ್ರೆ ಅದನ್ನ ಇಟ್ಕೊಂಡು ಬದುಕೋ ಧೈರ್ಯ ಇರ್ಲಿಲ್ಲ. ಇದನ್ನ ಹೇಳದೇ ನಿಮ್ಮನ್ನ ಮದುವೆಗೆ ಕೇಳೋದು ಮೋಸ. ನೀವಿಲ್ದೆ ನನಗೆ ಆಗ್ತಿಲ್ಲ."

ಕೆಡವಿದ ಮಹಡಿಗೆ ಅಂದು ಬಾರದ ಅಳು ಅವಳಿಗೆ ಈಗ ಬಂತು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಇರ್ಲಿ."

"ಕ್ಲಾಸು ವಾಪಸ್ ಬರಲ್ಲ."

"ಗೊತ್ತು."

ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭಾನುವಾರ ಬರಬೇಕಿದ್ದವರಿಗೆ ಬೇಡ ಅಂತ ಹೇಳಿಸಿ ಬಂದಿದೀನಿ. ನೀವು ಬನ್ನಿ."

ಅವನು ಅವಳ ಕೈ ಹಿಡಿದುಕೊಂಡ.

"ಅಪ್ಪನಿಗೆ ನಿಮ್ಮ ಮುಖ ನೋಡೋಕೆ ನಾಚಿಕೆ" ಎಂದಳು ಮೆಲ್ಲಗೆ. "ಮೆಟ್ಟಿಲು ಹತ್ತಿದ ತಕ್ಷಣ ಮೊದಲು ಅವರನ್ನ ಮಾತಾಡಿಸಿ, ನನ್ನ ಆಮೇಲೆ."