ಒಂದನೇ ಸೀಟಿನ ಟವೆಲ್

ಟವೆಲ್ ಬಸ್ಸಿನ ಕಿಟಕಿಯೊಳಗೆ ಹಾರಿ ಸರಿಯಾಗಿ ಒಂದನೇ ಸೀಟಿನ ಮೇಲೆ ಬಿತ್ತು. ಎಸೆದ ಮೈತ್ರಿ ಇನ್ನೂ ರಸ್ತೆಯಲ್ಲೇ ಇದ್ದಳು.

“ಭಲೇ ಮಾರಾಯ್ತಿ,” ಎಂದರು ಪಕ್ಕದ ಮನೆಯ ಬಂಗಾರಮ್ಮಜ್ಜಿ. ಟವೆಲ್ ಅವರದು, ಗುರಿ ಮಾತ್ರ ಮೈತ್ರಿಯದು.

ಆಗೆಲ್ಲ ಬಸ್ಸಿನಲ್ಲಿ ಸೀಟು ಸಿಗುತ್ತಿದ್ದುದೇ ಹಾಗೆ. ಬಸ್ಸು ನಿಲ್ಲುವ ಮೊದಲೇ ಟವೆಲ್ಲೋ ಕರ್ಚೀಫೋ ಕಿಟಕಿಯೊಳಗೆ ಹೋಗಬೇಕು. ಅದು ಬಿದ್ದ ಸೀಟು ಎಸೆದವರದು. ಆಮೇಲೆ ಕಂಡಕ್ಟರ್ ಕೂಡ ಅದನ್ನು ಮುಟ್ಟುತ್ತಿರಲಿಲ್ಲ. ಕೈಗೆ ಏನೂ ಸಿಗದಾಗ ಜನ ಚಪ್ಪಲಿ ಎಸೆದದ್ದೂ ಉಂಟು. ಐದನೇ ಕ್ಲಾಸಿನ ಮೈತ್ರಿಯಷ್ಟು ಚೆನ್ನಾಗಿ ಎಸೆಯುವವರು ಭದ್ರಾವತಿಯ ಇಡೀ ಜನ್ನಾಪುರದಲ್ಲಿ ಇರಲಿಲ್ಲ.

ಆದರೆ ಇವತ್ತಿನ ಮಿನಿ ಬಸ್ಸು ಅಪ್ಪನ ಕಂಪನಿಯದು.

ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಸಿಕ್ಕವರು ರಿಟೈರ್ ಆಗುತ್ತಿದ್ದರು, ಬಿಡುತ್ತಿರಲಿಲ್ಲ. ಮೈತ್ರಿಯ ಅಪ್ಪ ಕಾಂತರಾಜ್ ಮಾತ್ರ ದೀಪಾವಳಿ ಮುಗಿದದ್ದೇ ಬಿಟ್ಟುಬಿಟ್ಟರು. ಅಲ್ಲಿ ತಮ್ಮ ಸೆಕ್ಷನ್‌ನವರನ್ನು ಪ್ರತಿ ವರ್ಷ ಟೂರಿಗೆ ಕರೆದುಕೊಂಡು ಹೋಗುತ್ತಿದ್ದುದು ಅವರೇ. ಈಗ ಅದನ್ನೇ ಕಂಪನಿ ಮಾಡುವುದು, ಅದೂ ಇಂಟರ್ನೆಟ್ಟಿನಲ್ಲಿ ಎಂದು ಹೊರಟಿದ್ದರು. ಇಂಟರ್ನೆಟ್ಟಿನಲ್ಲಿ ಬಸ್ಸು ಹೇಗೆ ಓಡುತ್ತೆ ಎಂದು ಬೀದಿಯವರು ಕೇಳಿದರು. ಅಮ್ಮ ಕಾರ್ಖಾನೆಯ ಸೈರನ್ ಕೂಗಿದಾಗಲೆಲ್ಲ ಅಪ್ಪನ ಟಿಫಿನ್ ಡಬ್ಬಿಗೆ ಕೈ ಹಾಕಿ, ನೆನಪಾಗಿ, ಮತ್ತೆ ಅಲ್ಲೇ ಇಡುತ್ತಿದ್ದಳು.

ಮನೆಯ ಹಾಲಿಗೆ ಕಂಪ್ಯೂಟರ್ ಬಂತು. ಅದರಲ್ಲಿ ಬಸ್ಸಿನ ಸೀಟುಗಳ ಚಿತ್ರ. ಬುಕ್ ಆದ ಸೀಟು ಕೆಂಪಾಗುತ್ತಿತ್ತು. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ, ಸಮುದ್ರ ನೋಡಿ ಬರುವ ಟೂರು. ಮೊದಲು ಯಾರೂ ಬರಲಿಲ್ಲ. ಬಂಗಾರಮ್ಮಜ್ಜಿಯೇ ಮನೆಮನೆಗೆ ಹೋಗಿ ಬೀದಿಯವರನ್ನು ಹೊರಡಿಸಿದರು. ಎಲ್ಲರೂ ಮನೆಗೇ ಬಂದು ಹೆಸರು ಹೇಳಿದರು, ಅಪ್ಪನೇ ಕೂತು ಒಂದೊಂದು ಸೀಟನ್ನೂ ಕೆಂಪು ಮಾಡಿದರು.

ಒಂದನೇ ಸೀಟು ಮಾತ್ರ ಒಂದು ಬೆಳಗ್ಗೆ ತಾನಾಗಿಯೇ ಕೆಂಪಾಗಿತ್ತು. ಯಾರೋ ನೆಟ್ಟಿನಲ್ಲೇ ಬುಕ್ ಮಾಡಿದ್ದರು: ವೆಂಕಟಾಚಲ, ಶಿವಮೊಗ್ಗ. ಅಪ್ಪ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಬಂಗಾರಮ್ಮಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ಇದು ಬರೀ ಹೆಸರು, ಮನುಷ್ಯ ಎಲ್ಲಿ ಎಂದರು. ಮುಖ ನೋಡದೆ, ಮಾತಾಡದೆ ಯಾರಾದರೂ ಬಸ್ ಹತ್ತಲು ಬರುತ್ತಾರೆಯೇ? ಬೀದಿಗೆಲ್ಲ ಅದು ಸರಿ ಎನಿಸಿತು. ಮೈತ್ರಿಗೂ.

ಅಪ್ಪ ಮಾತ್ರ ಮೈತ್ರಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು: “ಅವರು ಆ ಸೀಟಲ್ಲಿ ಕೂತ್ಮೇಲೇ ನನ್ನ ಕಂಪನಿ ಶುರು ಪುಟ್ಟಿ. ಅಲ್ಲೀವರೆಗೂ ಇದು ಸೆಕ್ಷನ್ ಟೂರೇ.”

ಇವತ್ತು ಬೆಳಗ್ಗೆ ಅಪ್ಪ ಅವರನ್ನು ಎದುರುಗೊಳ್ಳಲು ಮುಂಚೆಯೇ ಶಿವಮೊಗ್ಗಕ್ಕೆ ಹೋಗಿದ್ದರು. ಜನ್ನಾಪುರದವರಿಗೆ ಸೀಟು ತೋರಿಸುವ ಕೆಲಸ ಮೈತ್ರಿಯದು. ಆದರೆ ಬಂಗಾರಮ್ಮಜ್ಜಿ ಟವೆಲ್ ಕೈಗೆ ಕೊಟ್ಟು, ಘಾಟಿಯಲ್ಲಿ ತಮಗೆ ವಾಂತಿ ಆಗುತ್ತದೆ, ಮುಂದಿನ ಕಿಟಕಿಯೇ ಬೇಕು ಎಂದಾಗ ಅವಳಿಗೆ ಇಲ್ಲ ಎನ್ನಲಾಗಲಿಲ್ಲ. ಬರೀ ಹೆಸರಿಗೆ ಸೀಟು ಯಾಕೆ ಎಂದುಕೊಂಡು ಎಸೆದೇಬಿಟ್ಟಳು.

ಬಸ್ಸು ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿತು. ಅಲ್ಲಿ ಅಪ್ಪನ ಪಕ್ಕ ಆ ಹೆಸರು ನಿಂತಿತ್ತು. ಹೆಸರಿಗೆ ಬಿಳಿ ಕೂದಲಿತ್ತು, ಕೊಡೆ ಇತ್ತು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟ ಪ್ರಿಂಟ್ ಇತ್ತು. ಅಪ್ಪ ಬೀಗರನ್ನು ಕರೆತರುವಂತೆ ಅವರನ್ನು ಹತ್ತಿಸಿದರು.

ಮೈತ್ರಿ ಒಂದನೇ ಸೀಟಿನತ್ತ ತಿರುಗಿ ನೋಡಿದಳು. ಅಲ್ಲಿ ಬಂಗಾರಮ್ಮಜ್ಜಿ ಕಿಟಕಿಗೆ ಒರಗಿ ಕೂತಿದ್ದರು.

ಅಪ್ಪ ಮೆಲ್ಲಗೆ ಹೇಳಿ ನೋಡಿದರು. ಬಂಗಾರಮ್ಮಜ್ಜಿ ಅಲುಗಾಡಲಿಲ್ಲ.

“ನಾನು ಟವೆಲ್ ಹಾಕಿದೀನಿ ಕಾಂತರಾಜು. ಅವ್ರು ಏನು ಹಾಕಿದಾರೆ?”

“ನೆಟ್ಟಲ್ಲಿ ಬುಕ್ ಮಾಡಿದಾರೆ, ಬಂಗಾರಮ್ಮ.”

“ಹಂಗಾದ್ರೆ ಅಲ್ಲೇ ಕೂತ್ಕೊಳ್ಳಲಿ.”

ಬಸ್ಸೆಲ್ಲ ನಕ್ಕಿತು. ಅಪ್ಪ ನಗಲಿಲ್ಲ. ಕಾರ್ಖಾನೆಗೆ ಕೊನೆಯ ದಿನ ಹೋಗಿ ಬಂದಾಗಲೂ ಅವರ ಮುಖ ಹೀಗಿರಲಿಲ್ಲ.

“ಬಿಡಿ, ನಿಂತೇ ಬರ್ತೀನಿ,” ಎಂದರು ವೆಂಕಟಾಚಲ. “ನಂಗೆ ಅಭ್ಯಾಸ ಇದೆ.”

ಅವರು ಬಾಗಿಲ ಹತ್ತಿರದ ಕಂಬಿ ಹಿಡಿದುಕೊಂಡರು. ಪಕ್ಕದಲ್ಲಿದ್ದ ಮೈತ್ರಿಗೆ ಮಾತ್ರ ಕೇಳುವಂತೆ ಹೇಳತೊಡಗಿದರು. ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಅವರು ಮೇಷ್ಟ್ರಾಗಿದ್ದರಂತೆ. ದಿನಾ ಶಿವಮೊಗ್ಗದಿಂದ ಬಸ್ಸಿನಲ್ಲೇ ಓಡಾಟ.

“ಎಲ್ಲರೂ ಟವೆಲ್ ಎಸೀತಿದ್ರು ಪುಟ್ಟ. ನಂಗೆ ನಾಚಿಕೆ. ರಿಟೈರ್ ಆಗೋವರ್ಗೂ ನಿಂತೇ ಹೋದೆ. ಮೊನ್ನೆ ಮೊಮ್ಮಗಳು ಒಂದನೇ ಸೀಟು ಒತ್ತಿದ್ಲು, ಅದು ಕೆಂಪಾಯ್ತು. ಯಾರನ್ನೂ ತಳ್ಳಲಿಲ್ಲ ನೋಡು, ಸೀಟು ಸಿಕ್ತು.”

ಮೈತ್ರಿ ತಾನು ಇದುವರೆಗೆ ಎಸೆದ ಟವೆಲ್‌ಗಳನ್ನು ನೆನೆಸಿಕೊಂಡಳು. ಎಸೆದು, ಹತ್ತಿ, ಗೆದ್ದು ಕಿಟಕಿಯ ಹೊರಗೆ ನೋಡುತ್ತಾ ಕೂರುತ್ತಿದ್ದಳು. ಪಕ್ಕದಲ್ಲಿ ಯಾರು ನಿಂತಿದ್ದರು ಎಂದು ತಿರುಗಿ ನೋಡಿದ ನೆನಪೇ ಇರಲಿಲ್ಲ.

ಅವಳು ಬಂಗಾರಮ್ಮಜ್ಜಿಯ ಹತ್ತಿರ ಹೋದಳು.

“ಅಜ್ಜಿ, ಅದು ಅವರ ಸೀಟು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಎಸೆದೆ. ನೀವು ನನ್ನ ಸೀಟಿಗೆ ಬನ್ನಿ. ಅದೂ ಕಿಟಕಿನೇ.”

ಮೈತ್ರಿಯ ಸೀಟು ಅದರ ಹಿಂದಿನದೇ. ಸಮುದ್ರವನ್ನು ಎಲ್ಲರಿಗಿಂತ ಮೊದಲು ನೋಡಬೇಕೆಂದು ಅಪ್ಪನ ಬೆನ್ನು ಬಿದ್ದು ಅದನ್ನು ಕೆಂಪು ಮಾಡಿಸಿಕೊಂಡಿದ್ದಳು.

ಬಂಗಾರಮ್ಮಜ್ಜಿ ಅವಳನ್ನು ನೋಡಿದರು. ಕೊಡೆ ಹಿಡಿದು ನಿಂತವರನ್ನೂ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದರು.

“ಕೂತ್ಕೊಳ್ಳಿ ಮೇಷ್ಟ್ರೇ. ನೀವು ಬರೀ ಹೆಸರು ಅಂದ್ಕೊಂಡಿದ್ವಿ.” ಹಿಂದಿನ ಸೀಟಿಗೆ ಹೋಗಿ ಮೈತ್ರಿಯ ಕೈಗೆ ಟವೆಲ್ ಹಾಕಿದರು. “ತಗೋ. ಇದಕ್ಕಿನ್ನೇನು ಕೆಲಸ?”

ಬಸ್ಸು ಹೊರಟಿತು. ಅಪ್ಪ ಬಾಗಿಲಲ್ಲೇ ನಿಂತು ಒಂದನೇ ಸೀಟನ್ನು ನೋಡುತ್ತಲೇ ಇದ್ದರು.

ಗಾಜನೂರು ಬಂದಾಗ ವೆಂಕಟಾಚಲ ಕಿಟಕಿಯ ಗಾಜು ಸರಿಸಿದರು. ತುಂಗೆಯ ಮೇಲಿನ ತಣ್ಣನೆ ಗಾಳಿ ಒಳಗೆ ನುಗ್ಗಿತು. ಅವರು ಮೊಣಕೈಯನ್ನು ಕಿಟಕಿಯ ಮೇಲಿಟ್ಟರು. ಯಾರಾದರೂ ಬೈಯಬಹುದೆಂಬಂತೆ ಹಿಂದಕ್ಕೆ ತೆಗೆದುಕೊಂಡರು. ಯಾರೂ ಬೈಯಲಿಲ್ಲ. ಮತ್ತೆ ಇಟ್ಟರು.

ಮೈತ್ರಿಗೆ ಉಳಿದದ್ದು ಡ್ರೈವರ್ ಪಕ್ಕದ ಎಂಜಿನ್ ಪೆಟ್ಟಿಗೆ. ಅದು ಆಗಲೇ ಬಿಸಿಯಾಗಿತ್ತು. ಅವಳು ಟವೆಲನ್ನು ಚೆನ್ನಾಗಿ ಮಡಿಸಿ, ಅದರ ಮೇಲೆ ಕೂತಳು.