ತರಚದ ರೈಲು

ಮಾರ್ಚ್ 11, ಬೆಳಿಗ್ಗೆ 10.20. ರಿಪೇರಿಗೆ ಕೊಟ್ಟ ತಗಡಿನ ರೈಲಿನ ಬದಲು ಬೇರೊಂದು ವಾಪಸ್ ಬಂದಿದೆ ಎಂದು ದೂರು ಕೊಡಲು ಅರವತ್ತು ದಾಟಿದ ಯೋಗಾನಂದ ಬಸವೇಶ್ವರನಗರದ ಠಾಣೆಗೆ ಬಂದರು. ಹೆಡ್ ಕಾನ್‌ಸ್ಟೇಬಲ್ ಅಂಜಿನಯ್ಯ ನಗು ಅಡಗಿಸಲು ಟೀ ಲೋಟ ಬಾಯಿಗೆ ಅಡ್ಡ ಹಿಡಿದರು. ಇನ್‌ಸ್ಪೆಕ್ಟರ್ ಶಶಿಕಲಾ ಮಾತ್ರ ಅವರು ತಂದಿದ್ದ ರೈಲಿಗೆ ಕೀಲಿ ಕೊಟ್ಟು ಮೇಜಿನ ಮೇಲೆ ಬಿಟ್ಟು ನೋಡಿದರು. ರೈಲು ಫೈಲುಗಳ ತನಕ ಚೆನ್ನಾಗಿಯೇ ಓಡಿತು.

“ಇದು ನಿಮ್ದಲ್ಲ ಅಂತ ಹೇಗ್ ಗೊತ್ತಾಯ್ತು?”

“ನಂದು ಕೈ ತರಚ್ತಿತ್ತು ಮೇಡಂ. ಹತ್ತತ್ರ ಅರವತ್ತು ವರ್ಷದಿಂದ ತರಚಿದೆ. ಇದು ತರಚಲ್ಲ.”

ಶಶಿಕಲಾಗೆ ಈ ಉತ್ತರ ಹಿಡಿಸಿಬಿಟ್ಟಿತು. ಭಾನುವಾರ ಅಸಲಿ ರೈಲು ಹಳೆಯ ಆಟಿಕೆಗಳ ಪ್ರದರ್ಶನಕ್ಕೆ ಹೋಗಬೇಕಿತ್ತು. ಯಾರೋ ಇಂಗ್ಲಿಷ್ ದೊರೆ ಕೊಟ್ಟದ್ದೆಂದು ಅಪ್ಪ ಹೇಳಿದ್ದನ್ನು ನಂಬಿ ಯೋಗಾನಂದ ‘ಇಂಗ್ಲೆಂಡ್, 1925’ ಎಂಬ ಚೀಟಿಯನ್ನೂ ಅಚ್ಚು ಹಾಕಿಸಿದ್ದರು. ಭಾರತೀಯ ನ್ಯಾಯ ಸಂಹಿತೆ ಕಲಂ 316(2), ನಂಬಿಕೆ ದ್ರೋಹದಡಿ ಎಫ್‌ಐಆರ್ ದಾಖಲಾಯಿತು.

ರಿಪೇರಿ ಮಾಡಿದವನು ಸುಂಕದಕಟ್ಟೆಯ ಮುರುಗೇಶ್, ಕಾರ್ಖಾನೆಯ ಟೂಲ್‌ರೂಮಿನಿಂದ ನಿವೃತ್ತನಾದ ಫಿಟ್ಟರ್. ಮಧ್ಯಾಹ್ನ 3 ಗಂಟೆಗೆ ಠಾಣೆಗೆ ಬಂದವನು, ಕೊಟ್ಟದ್ದನ್ನೇ ವಾಪಸ್ ಕೊಟ್ಟಿದ್ದೇನೆ ಎಂದು ಒಂದೇ ಮಾತು ಹೇಳಿದ. ಹೇಳುವಾಗಲೂ ಬೀರುವಿನ ಚೂಪು ಅಂಚನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದ.

ಮರುದಿನ ರಾಜಾಜಿನಗರದಲ್ಲಿ ಹಳೆಯ ಆಟಿಕೆಗಳ ಅಂಗಡಿ ಇಟ್ಟಿರುವ ಮಾಲವಿಕಾ ರೈಲನ್ನು ಭೂತಗನ್ನಡಿಯಡಿ ಹಿಡಿದರು. ಹಿಂದೆ ತಗಡಿನ ಆಟಿಕೆ ಮಾಡುತ್ತಿದ್ದ ಶೆಡ್ಡುಗಳಲ್ಲಿ ಬಣ್ಣವನ್ನು ತಗಡಿಗೆ ಅಚ್ಚು ಹೊಡೆಯುತ್ತಿದ್ದರಂತೆ. ಇಲ್ಲಿ ಕುಂಚದ ಗೆರೆ ಕಾಣುತ್ತಿತ್ತು. ಅಲ್ಲದೆ, ಕತ್ತರಿಸಿದ ಅಂಚನ್ನು ಉಜ್ಜುವಷ್ಟು ಪುರುಸೊತ್ತು ಆ ಶೆಡ್ಡುಗಳಲ್ಲಿ ಯಾರಿಗೂ ಇರಲಿಲ್ಲ. ಇದನ್ನು ಮಾಡಿದವನಿಗೆ ಒರಟು ಅಂಚು ಬಿಟ್ಟು ಅಭ್ಯಾಸವೇ ಇಲ್ಲ ಎಂದರು. ಶಶಿಕಲಾಗೆ ಬೀರುವಿನ ಅಂಚು ಸವರುತ್ತಿದ್ದ ಹೆಬ್ಬೆರಳು ನೆನಪಾಯಿತು.

ರಿಪೇರಿಗೆ ಕೊಡುವ ಮುನ್ನ ಯೋಗಾನಂದ ಅಸಲಿ ರೈಲಿನ ಹೊಟ್ಟೆ ಬಿಚ್ಚಿ ಫೋಟೋ ತೆಗೆದಿದ್ದರು. ಶಶಿಕಲಾ ಅದನ್ನು ಫೋನಿನಲ್ಲಿ ಹಿಗ್ಗಿಸಿದರು. ತಗಡಿನ ಒಳಮೈಯಲ್ಲಿ ಹಳೆಯ ಎಣ್ಣೆ ಡಬ್ಬದ ಅಕ್ಷರಗಳಿದ್ದವು, ಅದೂ ಕನ್ನಡದಲ್ಲಿ: ‘2 ಕಿಲೋ’, ‘ಮೈಸೂರು ರಾಜ್ಯ’. ಸೇರು ಹೋಗಿ ಕಿಲೋ ಬಂದದ್ದು 1960ರ ಹೊತ್ತಿಗೆ. ಮೈಸೂರು ಕರ್ನಾಟಕವಾದದ್ದು 1973ರಲ್ಲಿ. ಅಂದರೆ ರೈಲು ಹುಟ್ಟಿದ್ದು ಇವೆರಡರ ನಡುವೆ, ಇಲ್ಲೇ ಎಲ್ಲೋ. ಯೋಗಾನಂದರ ಅಪ್ಪ ಮಗನ ಕಿವಿಗೆ ಚೆನ್ನಾಗಿಯೇ ಹೂವಿಟ್ಟಿದ್ದರು. ಫೋಟೋದಲ್ಲಿ ಹೊಗೆಕೊಳವೆಯ ಬುಡದಲ್ಲಿ ಮೊಳೆಯಿಂದ ಕುಟ್ಟಿದ ಮೂರು ಚುಕ್ಕಿಗಳೂ ಇದ್ದವು. ಅವು ಏನೆಂದು ಮಾಲವಿಕಾಗೂ ತಿಳಿಯಲಿಲ್ಲ.

ಮಾರ್ಚ್ 13, ಬೆಳಿಗ್ಗೆ 11.15. ಇಬ್ಬರು ಪಂಚ ಸಾಕ್ಷಿಗಳೊಂದಿಗೆ ಮುರುಗೇಶನ ಮನೆಗೆ ಹೋದಾಗ ಹೆಚ್ಚೇನೂ ಹುಡುಕಬೇಕಾಗಲಿಲ್ಲ. ಮುಂದಿನ ಕೋಣೆಯಲ್ಲಿ ಅವನ ತಾಯಿ ಇಂದ್ರಮ್ಮ ಕೂತಿದ್ದರು, ಕಣ್ಣು ಮಂಜಾದ ಮುದುಕಿ. ರೈಲು ಅವರ ಮಡಿಲಲ್ಲಿತ್ತು. ಮುರುಗೇಶನ ಮುಖ ಸಣ್ಣದಾಯಿತು.

ಶಶಿಕಲಾ ತಂದಿದ್ದ ರೈಲನ್ನೂ ಮುದುಕಿಯ ಕೈಗಿಟ್ಟು, ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ಮುರುಗೇಶ ಬಾಯಿ ತೆರೆದ. ಅಂಜಿನಯ್ಯ ಅವನ ತೋಳು ಹಿಡಿದರು.

ಇಂದ್ರಮ್ಮ ಬೆರಳಾಡಿಸಿ ನಕ್ಕರು. “ಇದು ನನ್ ಮಗ ಮಾಡಿರೋದು ಕಣವ್ವ. ಅಂಚು ಹೆಂಗ್ ಉಜ್ಜವ್ನೆ ನೋಡು, ಅವನ ಕೈಯೇ ಹಂಗೆ. ಇನ್ನೊಂದು ನಂದು. ರಾಜಾಜಿನಗರದ ಶೆಡ್ಡಲ್ಲಿ ಒಬ್ಬೊಬ್ರಿಗೂ ಒಂದೊಂದು ಗುರುತು. ನಂಗೆ ಮೂರು ಚುಕ್ಕಿ. ಇವನು ಹೊಟ್ಟೇಲಿದ್ದ ವರ್ಷ ರೈಲೇ ಮಾಡಿದ್ದು ನಾನು.”

ಹೆಮ್ಮೆಯಿಂದ ಆಡಿದ ಆ ಮಾತೇ ಮಗನ ವಿರುದ್ಧ ಸಾಕ್ಷಿಯಾಯಿತೆಂದು ಅವರಿಗೆ ಗೊತ್ತಾಗಲಿಲ್ಲ. ಶಶಿಕಲಾಗೆ ಕೇಳಬಾರದಿತ್ತು ಎನಿಸಿತು, ಆದರೆ ಕೇಳಿಯಾಗಿತ್ತು.

12.40ಕ್ಕೆ ಮುರುಗೇಶನನ್ನು ಬಂಧಿಸಿದರು. ಅವ್ವ ಸಾವಿರಾರು ರೈಲು ಮಾಡಿದ್ದಳು, ಒಂದೂ ಮನೆಗೆ ಬಂದಿರಲಿಲ್ಲ ಎಂದು ಅವನು ಜೀಪಿನಲ್ಲಿ ಹೇಳಿದ. ಸ್ಪ್ರಿಂಗ್ ಬಿಚ್ಚಿದಾಗ ಚುಕ್ಕಿ ಕಂಡಿತ್ತು.

“ಇದು ನಮ್ಮವ್ವ ಮಾಡಿದ್ದು, ನಂಗೆ ಕೊಡಿ ಅಂತ ಯೋಗಾನಂದರನ್ನೇ ಬಾಯ್ಬಿಟ್ಟು ಕೇಳ್ದೆ ಮೇಡಂ. ಫಾರಿನ್ ಮಾಲಿದು, ನಿಮ್ಮಮ್ಮ ಯಾವಾಗ ಲಂಡನ್ನಿಗೆ ಹೋಗಿದ್ರು ಅಂತ ನಕ್ಬಿಟ್ರು.”

ರೈಲು ನ್ಯಾಯಾಲಯಕ್ಕೆ ಹೋಗಲೇಬೇಕಿತ್ತು. ಅರಗಿನ ಮೊಹರು ಹಾಕಲು ಅಂಜಿನಯ್ಯ ಬಟ್ಟೆ ಹೊಲಿದು, ಚೀಟಿಯಲ್ಲಿ ದೂರಿನಲ್ಲಿದ್ದಂತೆ ‘ಇಂಗ್ಲೆಂಡ್, 1925’ ಎಂದು ಬರೆದಿದ್ದರು. ಶಶಿಕಲಾ ಅದನ್ನು ಹೊಡೆದುಹಾಕಿ, ಮುರುಗೇಶನ ಹುಟ್ಟಿದ ವರ್ಷ ನೋಡಿಕೊಂಡು, ತಾವೇ ಬರೆದರು: ರಾಜಾಜಿನಗರ, 1967. ತಯಾರಿಸಿದವರು ಇಂದ್ರಮ್ಮ.